ಜನ ಬೇಕು ಅಂದರೆ ಎಷ್ಟು ಜನ?

ಉಡುಪಿಯ ಆ ಹೋಟೆಲಿನ ಬಾಗಿಲಲ್ಲಿ ‘ಸಪ್ಲೈಯರ್, ಕ್ಲೀನರ್ ಬೇಕಾಗಿದ್ದಾರೆ’ ಅಂತ ಬೋರ್ಡು ನೇತಾಡುತ್ತಿತ್ತು. ಕ್ಯಾಶಿನಲ್ಲಿ ಕೂತಿದ್ದ ಧನಿಯ ಹತ್ತಿರ ನಾನು ಕೇಳಿದೆ: "ನಿಮ್ಮಲ್ಲಿ ಎಷ್ಟು ಹುದ್ದೆ ಖಾಲಿ ಉಂಟು?" ಅವರು ಚಿಲ್ಲರೆ ಎಣಿಸುತ್ತಲೇ ಹೇಳಿದರು: "ಹುದ್ದೆಯಾ? ಇಲ್ಲಿ ಎಂತ ಹುದ್ದೆ? ಯಾವುದೂ ಖಾಲಿ ಇಲ್ಲ ಮೇಡಂ." ನಾನು ಟ್ಯಾಬಿನಲ್ಲಿ ಸೊನ್ನೆ ಒತ್ತಿದೆ. ಒಂದು ಕಾಫಿ ಕುಡಿದು ಹೊರಗೆ ಬಂದೆ. ಬರುವಾಗ ಬೋರ್ಡಿಗೆ ತಲೆ ತಾಗಿತು. ಆದರೂ ತಲೆಗೆ ಏನೂ ಹೊಳೆಯಲಿಲ್ಲ!

ಅದು ನನ್ನ ಮೊದಲನೇ ವಾರ. 2021ರ ಮಳೆಗಾಲದಿಂದ ಸುಮಾರು ಒಂದು ವರ್ಷ ಮಂಗಳೂರು, ಉಡುಪಿ ಕಡೆ ಸಂಸ್ಥೆಗಳಿಗೆ ಹೋಗಿ ಮಾಹಿತಿ ತರುವ ಗುತ್ತಿಗೆ ಕೆಲಸ ಮಾಡಿದೆ. ಸಂಸ್ಥೆಗಳಲ್ಲಿ ಎಷ್ಟು ಜನ ಇದ್ದಾರೆ, ಎಷ್ಟು ಕೆಲಸ ಖಾಲಿ ಇದೆ ಅಂತ ಕೇಳುವ ದೇಶದ ಮಟ್ಟದ ಸಮೀಕ್ಷೆ. ನನ್ನನ್ನು ಇಟ್ಟುಕೊಂಡಿದ್ದ ಏಜೆನ್ಸಿಯ ಹೆಸರು ಇಲ್ಲಿ ಬೇಡ. ಹೋದ ಸಂಸ್ಥೆಗಳ ಹೆಸರಂತೂ ಹೇಳುವ ಹಾಗೇ ಇಲ್ಲ.

ಕೆಲಸದ ಬಗ್ಗೆ ಸರ್ಕಾರದ ಲೆಕ್ಕ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ನಿರುದ್ಯೋಗದ ಶೇಕಡಾವಾರು. ಅದು ಮನೆ ಮನೆಗೆ ಹೋಗಿ ಮಾಡುವ ಪಿಎಲ್‌ಎಫ್‌ಎಸ್ ಸಮೀಕ್ಷೆಯಿಂದ ಬರುತ್ತದೆ. 2017ರಿಂದ ನಡೆಯುತ್ತಿದೆ. ಕಳೆದ 7 ದಿನಗಳಲ್ಲಿ ಒಂದು ಗಂಟೆಯಾದರೂ ಕೆಲಸ ಮಾಡಿದ್ದೀರಾ, ಇಲ್ಲದಿದ್ದರೆ ಹುಡುಕಿದ್ದೀರಾ ಅಂತ ಅವರು ಜನರನ್ನು ಕೇಳುತ್ತಾರೆ. ಆದರೆ ಕೆಲಸಕ್ಕೆ ಜನ ಸಿಗದೆ ಕೂತಿರುವವರು ಎಷ್ಟು ಅನ್ನುವುದು ಮನೆಯಲ್ಲಿ ಕೇಳಿದರೆ ಗೊತ್ತಾಗುವುದಿಲ್ಲ. ಅದಕ್ಕೆ ಕೆಲಸ ಕೊಡುವವರ ಬಾಗಿಲಿಗೇ ಹೋಗಬೇಕು. ಕೇಂದ್ರದ ಕಾರ್ಮಿಕ ಬ್ಯೂರೋ 2021ರ ಏಪ್ರಿಲ್‌ನಲ್ಲಿ ಶುರು ಮಾಡಿದ ತ್ರೈಮಾಸಿಕ ಸಮೀಕ್ಷೆ ಅಂಥದ್ದು. ತಯಾರಿಕೆ, ಕಟ್ಟಡ ಕೆಲಸ, ವ್ಯಾಪಾರ, ಸಾರಿಗೆ, ಶಿಕ್ಷಣ, ಆರೋಗ್ಯ, ಹೋಟೆಲು, ಐಟಿ, ಹಣಕಾಸು ಅಂತ 9 ವಲಯ. 10 ಅಥವಾ ಜಾಸ್ತಿ ಜನ ಇರುವ ಸಂಸ್ಥೆ ಮಾತ್ರ.

ಈ ಹತ್ತರ ಗೆರೆ ಇದೆಯಲ್ಲ, ಅದೇ ಮೊದಲ ತಲೆನೋವು. 10 ಜನ ಆದರೆ ಇಎಸ್‌ಐ ಬರುತ್ತದೆ, 20 ಆದರೆ ಪಿಎಫ್. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಒಬ್ಬಳು ಬಂದು "ಎಷ್ಟು ಜನ ಇದ್ದೀರಿ?" ಅಂದರೆ ಯಾರಿಗಾದರೂ ಎದೆ ಧಸಕ್ ಅನ್ನುತ್ತದೆ. ಬಂದರು ಕಡೆಯ ಒಂದು ಗೋದಾಮಿನಲ್ಲಿ ಮ್ಯಾನೇಜರು "9 ಜನ" ಅಂದರು. ನಾವು ಮಾತಾಡುತ್ತಿದ್ದಾಗಲೇ ಚಾ ಬಂತು. ಹುಡುಗ ತಟ್ಟೆಯಲ್ಲಿ ತಂದದ್ದು 14 ಗ್ಲಾಸು. ನಾನು ಗ್ಲಾಸು ನೋಡಿದೆ, ಅವರು ನನ್ನನ್ನು ನೋಡಿದರು. "ಲೋಡಿಂಗಿನವರು ನಮ್ಮವರಲ್ಲ ಮಾರಾಯ್ತಿ, ಕಂಟ್ರಾಕ್ಟು" ಅಂದರು. ಅವರನ್ನೂ ಪ್ರತ್ಯೇಕವಾಗಿ ಬರೆಯಬೇಕು ಅಂತ ವಿವರಿಸುವಷ್ಟರಲ್ಲಿ ಅರ್ಧ ದಿನ ಹೋಯಿತು.

ಆಮೇಲೆ ವಿಳಾಸದ ಗೋಳು. ಇಂಥ ಸಮೀಕ್ಷೆಗೆ ಸಂಸ್ಥೆಗಳ ಪಟ್ಟಿ ಬರುವುದು 2013-14ರ ಆರನೇ ಆರ್ಥಿಕ ಗಣತಿಯಿಂದ. ಹಂಪನಕಟ್ಟೆಯಲ್ಲಿ ಬಟ್ಟೆ ಅಂಗಡಿ ಹುಡುಕಿಕೊಂಡು ಹೋದರೆ ಅಲ್ಲಿ ಮೊಬೈಲ್ ಅಂಗಡಿ. ಬೈಕಂಪಾಡಿಯಲ್ಲಿ ಒಂದು ಶೆಡ್ಡಿನ ಗೇಟಿಗೆ ಬಳ್ಳಿ ಹಬ್ಬಿತ್ತು. ಮುಚ್ಚಿದ್ದನ್ನು ಮುಚ್ಚಿದೆ ಅಂತ ಬರೆಯಬಹುದು. ಆದರೆ ಈ ಏಳೆಂಟು ವರ್ಷಗಳಲ್ಲಿ ಹೊಸದಾಗಿ ಹುಟ್ಟಿದ್ದು ಪಟ್ಟಿಯಲ್ಲಿಯೇ ಇಲ್ಲ. ಹೊಸ ಕಂಪೆನಿಗಳೇ ಅಲ್ವಾ ಜನರನ್ನು ಜಾಸ್ತಿ ತೆಗೆದುಕೊಳ್ಳುವುದು? ಖಾಲಿ ಕೆಲಸ ಎಣಿಸಲು ಹೊರಟವರಿಗೆ ಇದು ದೊಡ್ಡ ತೂತು.

ನನಗೆ ನಿಜವಾಗಿ ಪಾಠ ಆದದ್ದು ಕಾರ್ಕಳ ಕಡೆಯ ಒಂದು ಗೇರುಬೀಜದ ಫ್ಯಾಕ್ಟರಿಯಲ್ಲಿ.

ಅಷ್ಟು ಹೊತ್ತಿಗೆ ‘ಹುದ್ದೆ’ ಅನ್ನುವ ಮಾತನ್ನು ಬಿಟ್ಟಿದ್ದೆ. ಹುದ್ದೆ ಅಂದರೆ ನಮ್ಮ ಕಡೆ ಸರ್ಕಾರಿ ಕೆಲಸ, ಕುರ್ಚಿ, ಪೆನ್ಷನ್. ಹೋಟೆಲಿನಲ್ಲಿ ಲೋಟ ತೊಳೆಯುವುದನ್ನು ಯಾರೂ ಹುದ್ದೆ ಅನ್ನುವುದಿಲ್ಲ. ಹಾಗಾಗಿ ಅಲ್ಲಿ ತುಳುವಿನಲ್ಲೇ ಕೇಳಿದೆ, ಬೇಲೆಗ್ ಜನ ಬೋಡಾ, ಕೆಲಸಕ್ಕೆ ಜನ ಬೇಕಾ ಅಂತ. ಮ್ಯಾನೇಜರಿಗೆ ಕಟ್ಟೆ ಒಡೆದ ಹಾಗಾಯಿತು. "ಜನ ತಿಕ್ಕುಜೆರ್ ಮಾರಾಯ್ರೆ, ಸಿಗುವುದೇ ಇಲ್ಲ! ಎಷ್ಟು ಬಂದರೂ ತಗೊಳ್ತೇವೆ. ನೂರು ಜನ ಬರಲಿ!" ಹೋಟೆಲಿನಲ್ಲಿ ಸೊನ್ನೆ, ಇಲ್ಲಿ ನೂರು. ಚೌಕದಲ್ಲಿ ಯಾವುದನ್ನು ಬರೆಯುವುದು?

"ಸ್ವಲ್ಪ ಒಳಗೆ ನೋಡಬಹುದಾ?" ಅಂದೆ. ಕರೆದುಕೊಂಡು ಹೋದರು. ಸಿಪ್ಪೆ ತೆಗೆಯುವ ದೊಡ್ಡ ಕೋಣೆ. ಉದ್ದುದ್ದ ಮೇಜು, ಎರಡೂ ಬದಿಯಲ್ಲಿ ಹೆಂಗಸರು. ತಲೆಗೆ ಬಟ್ಟೆ, ಕೈಯಲ್ಲಿ ಸಣ್ಣ ಚೂರಿ, ಮುಂದೆ ಬಿಳಿ ಬೀಜದ ರಾಶಿ. ಕೆ.ಜಿ. ಲೆಕ್ಕದ ಕೆಲಸ ಆದ್ದರಿಂದ ಯಾರೂ ತಲೆ ಎತ್ತಲಿಲ್ಲ. ಖಾಲಿ ಸ್ಟೂಲು ಎಣಿಸಿದೆ, 20. ಪಕ್ಕದಲ್ಲಿದ್ದ ಸೂಪರ್‌ವೈಸರ್ ಅಕ್ಕನನ್ನು ಒಂದೊಂದೇ ಸ್ಟೂಲು ತೋರಿಸಿ ಕೇಳಿದೆ, ಇದು ಯಾರದ್ದು, ಅದು ಯಾರದ್ದು ಅಂತ. 9 ಸ್ಟೂಲಿನವರು ನೇಜಿ ನೆಡಲು ಹೋಗಿದ್ದರು. ಗದ್ದೆ ಕೆಲಸ ಮುಗಿದ ಮೇಲೆ ಬರುತ್ತಾರೆ, ಹೆಸರು ಹಾಜರಿ ಪುಸ್ತಕದಲ್ಲಿ ಉಂಟು. ಅವರ ಜಾಗ ಖಾಲಿ ಅಲ್ಲ, ಅವರಿಗೆ ರಜೆ ಅಷ್ಟೆ. ಗೋಡೆ ಬದಿಯ ಒಂದು ಮೇಜಿನಲ್ಲಿ 5 ಸ್ಟೂಲು. "ಆ ಮೇಜು ಹಾಕುವುದೇ ಇಲ್ಲ ಈಗ, ಬೀಜ ಅಷ್ಟು ಬರುವುದಿಲ್ಲ" ಅಂದರು. ಜನ ಬಂದರೂ ಅಲ್ಲಿ ಕೆಲಸ ಇಲ್ಲ. ಉಳಿದದ್ದು 6. ಅದಕ್ಕೆ ಮಾತ್ರ ಅವರು ಆಚೀಚೆ ಊರಿನಲ್ಲಿ ಹೇಳಿ ಇಟ್ಟಿದ್ದರು. ಬಂದರೆ ಮರುದಿನವೇ ಕೂರಿಸುತ್ತಾರೆ.

ಹಾಜರಿ ಪುಸ್ತಕದಲ್ಲಿ 114 ಹೆಸರು. 114ಕ್ಕೆ 6 ಸೇರಿಸಿದರೆ 120. ಅದರಲ್ಲಿ 6 ಅಂದರೆ ನೂರಕ್ಕೆ 5. ಯುರೋಪಿನ ದೇಶಗಳು ಮೂರು ತಿಂಗಳಿಗೊಮ್ಮೆ ಪ್ರಕಟಿಸುವ ಖಾಲಿ ಕೆಲಸದ ದರವೂ ಇದೇ ಲೆಕ್ಕ. ಖಾಲಿ ಇರುವುದನ್ನು, ತುಂಬಿದ್ದು ಮತ್ತು ಖಾಲಿ ಎರಡರ ಮೊತ್ತದಿಂದ ಭಾಗಿಸುವುದು.

20ರ ಬದಲು 6 ಬರೆದರೆ ಏನು ಮಹಾ ಅನ್ನಿಸಬಹುದು. ಸ್ಯಾಂಪಲ್ಲಿನಲ್ಲಿ ಬಂದ ಒಂದು ಸಂಸ್ಥೆ ತನ್ನಂಥ ಬೇರೆ ಹಲವು ಸಂಸ್ಥೆಗಳ ಪರವಾಗಿ ಮಾತಾಡುತ್ತದೆ. ಸುಮ್ನೆ ಉದಾಹರಣೆಗೆ 30ರ ಪರವಾಗಿ ಅಂತ ಇಟ್ಟುಕೊಳ್ಳಿ. 6 ಬರೆದರೆ 180 ಆಗುತ್ತದೆ, 20 ಬರೆದರೆ 600. ನಾನು 14 ಸ್ಟೂಲಿನ ಬಗ್ಗೆ ಸರಿಯಾಗಿ ಕೇಳದೇ ಇದ್ದಿದ್ದರೆ ದೇಶದ ಲೆಕ್ಕದಲ್ಲಿ ಇಲ್ಲದ 420 ಕೆಲಸ ಹುಟ್ಟಿಕೊಳ್ಳುತ್ತದೆ. 420! ಸಂಖ್ಯೆಯೂ ಸರಿಯಾಗಿಯೇ ಬಂತು ನೋಡಿ.

ಆ ರಾತ್ರಿ ರೂಮಿನಲ್ಲಿ ಕೂತು ಬೇರೆ ದೇಶದವರು ಹೇಗೆ ಕೇಳುತ್ತಾರೆ ಅಂತ ಓದಿದೆ. ತರಬೇತಿಯಲ್ಲಿ ಇದಕ್ಕೆ ಐದು ನಿಮಿಷ ಕೊಟ್ಟಿದ್ದರು, ಅದರಲ್ಲಿ ಎರಡು ನಿಮಿಷ ಪ್ರೊಜೆಕ್ಟರ್ ಕೆಟ್ಟಿತ್ತು. ಅಮೆರಿಕದಲ್ಲಿ 2000ದ ಡಿಸೆಂಬರಿನಿಂದ ಜೋಲ್ಟ್ಸ್ ಅನ್ನುವ ಸಮೀಕ್ಷೆ ಪ್ರತಿ ತಿಂಗಳು ನಡೆಯುತ್ತದೆ. ಅವರದ್ದು ಮೂರು ಶರತ್ತು. ಮಾಡಲು ಕೆಲಸ ನಿಜವಾಗಿ ಇರಬೇಕು. 30 ದಿನದೊಳಗೆ ಶುರು ಮಾಡುವ ಹಾಗಿರಬೇಕು. ಹೊರಗಿನಿಂದ ಜನ ತರಲು ಈಗಾಗಲೇ ಹುಡುಕುತ್ತಿರಬೇಕು. ತಿಂಗಳ ಕೊನೆಯ ಕೆಲಸದ ದಿನ ಈ ಮೂರೂ ಇದ್ದರೆ ಲೆಕ್ಕಕ್ಕೆ ಬರುತ್ತದೆ. ಬ್ರಿಟನ್ನಿನವರು 2001ರಿಂದ ಹೆಚ್ಚು ಕಡಿಮೆ ಒಂದೇ ಪ್ರಶ್ನೆಯಲ್ಲಿ ಮುಗಿಸುತ್ತಾರೆ: ಇಂಥ ದಿನ, ಹೊರಗಿನಿಂದ ಜನ ಹುಡುಕುತ್ತಿದ್ದ ಕೆಲಸ ಒಟ್ಟು ಎಷ್ಟು? ನಾನು ಸ್ಟೂಲುಗಳ ಮೂರು ಗುಂಪಿಗೆ ಮಾಡಿದ್ದೂ ಅದನ್ನೇ. ಹೆಸರು ಗೊತ್ತಿರಲಿಲ್ಲ ಅಷ್ಟೆ.

ಇವರ ಶರತ್ತು ಸರಿಯೇ. ಆದರೆ ‘ಹುಡುಕುವುದು’ ಅಂದರೆ ಏನು ಅನ್ನುವುದು ಊರಿಂದ ಊರಿಗೆ ಬೇರೆ. ನಮ್ಮ ಕಡೆ ಸಣ್ಣ ಸಂಸ್ಥೆಗಳು ಪೇಪರಿಗೆ ಜಾಹೀರಾತು ಕೊಡುವುದು ಕಡಿಮೆ. ಉದ್ಯೋಗ ವಿನಿಮಯ ಕೇಂದ್ರಕ್ಕೆ ತಿಳಿಸುವುದು ಇನ್ನೂ ಕಡಿಮೆ. ಖಾಸಗಿಯಲ್ಲಿ 25 ಜನ ಇದ್ದರೆ ಖಾಲಿ ಕೆಲಸ ತಿಳಿಸಲೇಬೇಕು ಅಂತ 1959ರ ಕಾಯಿದೆ ಹೇಳುತ್ತಿತ್ತು. ನಾನು ಆ ಮಾತು ಎತ್ತಿದಾಗ ಬೈಕಂಪಾಡಿಯಲ್ಲಿ ಇಬ್ಬರು ಮಾಲೀಕರು ನನ್ನಿಂದಲೇ ಮೊದಲ ಸಲ ಕೇಳಿದ್ದು. ಹಾಗಾದರೆ ಜನ ಹೇಗೆ ಬರುತ್ತಾರೆ? ಒಡಿಶಾದ ಹುಡುಗನಿಗೆ ಧನಿ ಹೇಳುತ್ತಾರೆ, "ಊರಿಗೆ ಹೋಗಿ ಬರುವಾಗ ಇಬ್ಬರನ್ನು ಕರ್ಕೊಂಡು ಬಾ." ಅಷ್ಟೇ ನೇಮಕಾತಿ. ಶುರುವಿನಲ್ಲಿ ನಾನು "ಜಾಹೀರಾತು ಕೊಟ್ಟಿದ್ದೀರಾ?" ಅಂತ ಕೇಳಿ, ಇಲ್ಲ ಅಂದರೆ ಸೊನ್ನೆ ಹಾಕುತ್ತಿದ್ದೆ. ದೊಡ್ಡ ತಪ್ಪು. ಆ ಹುಡುಗನಿಗೆ ಹೇಳಿದ್ದೂ ಹುಡುಕಾಟವೇ. ಇಂಟರ್ನೆಟ್ಟಿನ ಜಾಹೀರಾತು ಎಣಿಸಿ ಖಾಲಿ ಕೆಲಸ ಅಂದಾಜು ಮಾಡುವವರಿಗೆ ಈ ಇಬ್ಬರು ಎಂದೂ ಕಾಣುವುದಿಲ್ಲ.

ಆಮೇಲಿಂದ ನನ್ನ ಪ್ರಶ್ನೆ ಎರಡಾಯಿತು. "ಕಳೆದ ತಿಂಗಳು ಜನ ಬೇಕು ಅಂತ ಯಾರ ಹತ್ತಿರ ಹೇಳಿದ್ದೀರಿ?" ಅದಕ್ಕೆ ಉತ್ತರ ಸಿಕ್ಕಿದರೆ ಮಾತ್ರ, "ನಾಳೆ ಬೆಳಿಗ್ಗೆ ಬಂದರೆ ಎಷ್ಟು ಜನರನ್ನು ನಿಲ್ಲಿಸಿಕೊಳ್ತೀರಿ?" ಈ ಎರಡನೆಯದನ್ನು ಮೊದಲು ಕೇಳಬಾರದು. ಒಳ್ಳೆಯ ಕೆಲಸಗಾರ ಕಡಿಮೆ ಸಂಬಳಕ್ಕೆ ಬಂದರೆ ಯಾರು ಬೇಡ ಅನ್ನುತ್ತಾರೆ?

ಆಸ್ಪತ್ರೆಯಲ್ಲಿ ಸಮಸ್ಯೆ ಉಲ್ಟಾ. ಎಚ್‌ಆರ್ ಹುಡುಗಿ ಕಂಪ್ಯೂಟರ್ ನೋಡಿ "ನರ್ಸ್ 40" ಅಂದಳು. ಕೆದಕಿದರೆ ಅದು ಇಡೀ ವರ್ಷದ ಅಂದಾಜು. ವಿದೇಶಕ್ಕೆ ಹೋಗುವವರು, ಮದುವೆಯಾಗಿ ಹೋಗುವವರು ಎಲ್ಲ ಸೇರಿ. ಆ ದಿನಕ್ಕೆ ಖಾಲಿ ಇದ್ದದ್ದು ಬೇರೆ, ರಾಜೀನಾಮೆ ಕೊಟ್ಟು ನೋಟಿಸ್ ಅವಧಿಯಲ್ಲಿದ್ದವರು ಬೇರೆ. ಯುರೋಪಿನ ಲೆಕ್ಕದಲ್ಲಿ ಇನ್ನೇನು ಖಾಲಿ ಆಗಲಿರುವ ಜಾಗವೂ ಸೇರುತ್ತದೆ, ಹುಡುಕಾಟ ಶುರುವಾಗಿದ್ದರೆ. ಶಾಲೆಗಳಲ್ಲಿ ಇನ್ನೊಂದು ಥರ. ಮೇಷ್ಟ್ರು ನಿವೃತ್ತಿಯಾಗಿ ಎರಡು ವರ್ಷ ಆಗಿರುತ್ತದೆ, ಜಾಗ ಕಾಗದದಲ್ಲಿ ಉಂಟು, ತುಂಬುವ ಯೋಚನೆ ಯಾರಿಗೂ ಇಲ್ಲ. ಊರಿನವರ ಕಣ್ಣಿಗೆ ಅದು ಖಾಲಿ. ನನ್ನ ಫಾರಮಿಗೆ ಅಲ್ಲ. ಇದನ್ನು ಒಬ್ಬ ಹೆಡ್‌ಮಾಸ್ಟರಿಗೆ ವಿವರಿಸಲು ಹೋಗಿ ಬೈಸಿಕೊಂಡೆ. ಅವರು ಬೈದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಮೂರು ತಿಂಗಳ ನಂತರ ಮತ್ತೆ ಆ ಉಡುಪಿ ಹೋಟೆಲು. ಬೋರ್ಡು ಹಾಗೇ ಇತ್ತು. ಈ ಸಲ ಗಮನಿಸಿದೆ, ತಗಡಿನ ಮೇಲೆ ಪೇಂಟಿನಲ್ಲಿ ಬರೆದದ್ದು. "ಕ್ಲೀನರ್ ಸಿಕ್ಕಿ ಎರಡು ವಾರ ಆಯ್ತು" ಅಂದರು ಧನಿ. "ಮತ್ತೆ ಬೋರ್ಡು?" "ಇರಲಿ ಮೇಡಂ. ಇವತ್ತಲ್ಲ ನಾಳೆ ಒಬ್ಬ ಓಡಿ ಹೋಗ್ತಾನೆ. ಪ್ರತೀ ಸಲ ಹತ್ತಿ ಇಳಿಸುವುದು ಯಾರು?" ಆದರೆ ದೋಸೆ ಹೊಯ್ಯುವವ ಬೇಕಿತ್ತಂತೆ. ಅದಕ್ಕೆ ಬೋರ್ಡು ಇಲ್ಲ. "ಅಂಥವರು ಬೋರ್ಡು ನೋಡಿ ಬರ್ತಾರಾ?" ಕುಂದಾಪುರದಲ್ಲಿ ಭಾವನಿಗೆ ಹೇಳಿದ್ದರು. ನಾನು 1 ಅಂತ ಬರೆದೆ.

ಮುಖ ತಗ್ಗಿಸಿ ಬರೆಯುತ್ತಿದ್ದಾಗ ಅವರು ಕೇಳಿದರು: "ನೀವು ಊರೆಲ್ಲ ತಿರುಗ್ತೀರಲ್ಲ, ಎಲ್ಲಾದರೂ ಜನ ಇದ್ದರೆ ಹೇಳಿ." ಇದನ್ನು ಕೇಳದ ಧನಿಯೇ ಇಲ್ಲ. ಅದೇ ವಾರ ಇನ್ನೊಂದು ಹೋಟೆಲಿನವರು ಅಡುಗೆಮನೆಯಿಂದ ಇಬ್ಬರನ್ನು ಬಿಡಿಸಿದ್ದು ನನ್ನ ಟ್ಯಾಬಿನಲ್ಲಿತ್ತು. ಎರಡು ಕಿಲೋಮೀಟರ್ ದೂರವೂ ಇಲ್ಲ. ಹೇಳುವ ಹಾಗಿಲ್ಲ. 2008ರ ಸಂಖ್ಯಾ ಸಂಗ್ರಹ ಕಾಯಿದೆಯ ಪ್ರಕಾರ ಕೊಟ್ಟ ಮಾಹಿತಿ ಅಂಕಿಅಂಶಕ್ಕೆ ಮಾತ್ರ. ಪಿಎಫ್‌ನವರಿಗೆ ಹೇಳುವುದಿಲ್ಲ ಅಂತ ಭಾಷೆ ಕೊಟ್ಟ ಮೇಲೆ ಪಕ್ಕದ ಹೋಟೆಲಿಗೆ ಹೇಳಿದರೆ ಅದೂ ತಪ್ಪೇ. ನಕ್ಕು ಸುಮ್ಮನಾದೆ. ಆವತ್ತು ಬಸ್ಸಿನಲ್ಲಿ ಸ್ವಲ್ಪ ಬೇಜಾರಾಯಿತು.

ಇನ್ನು ದಿನಾಂಕದ ವಿಷಯ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಮಲ್ಪೆಯ ಒಂದು ಐಸ್ ಪ್ಲಾಂಟು ನನ್ನ ಪಟ್ಟಿಯಲ್ಲಿತ್ತು. ಮೀನುಗಾರಿಕೆ ಈ 9 ವಲಯಗಳಲ್ಲಿ ಬರುವುದಿಲ್ಲ. ಹಾಗಾಗಿ ಮೂವತ್ತರ ಆಸುಪಾಸು ಜನ ಹೋಗುವ ಪರ್ಸೀನ್ ಬೋಟು ಲೆಕ್ಕದಲ್ಲಿಲ್ಲ, ಅದಕ್ಕೆ ಮಂಜುಗಡ್ಡೆ ಕೊಡುವವರು ಇದ್ದಾರೆ. ನಮ್ಮ ಲೆಕ್ಕದ ದಿನ ಜುಲೈ 1. ನಾನು ತಲುಪಿದ್ದು ಆಗಸ್ಟಿನಲ್ಲಿ, ಬೋಟುಗಳೆಲ್ಲ ಇಳಿದ ಮೇಲೆ. ಐಸ್ ಪುಡಿ ಮಾಡುವ ಯಂತ್ರದ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. ಧನಿ ತಾವೇ ಕೊಕ್ಕೆ ಹಿಡಿದು ಐಸಿನ ದಿಮ್ಮಿ ಎಳೆಯುತ್ತಿದ್ದರು.

"8 ಜನ ಬೇಕು, ಬರೆಯಿರಿ!" ಅಂತ ಅಲ್ಲಿಂದಲೇ ಕೂಗಿದರು.

"ಜುಲೈ ಒಂದಕ್ಕೆ ಎಷ್ಟು ಬೇಕಿತ್ತು?"

"ಜುಲೈಯಲ್ಲಿ ಎಂತಕ್ಕೆ? ಪ್ಲಾಂಟೇ ಬಂದ್. ಇದ್ದವರನ್ನೂ ಊರಿಗೆ ಕಳಿಸಿದ್ದೆ."

"ಹಾಗಾದರೆ ಸೊನ್ನೆ ಬರೆಯಬೇಕಾಗ್ತದೆ."

ಅವರು ಕೊಕ್ಕೆ ಕೆಳಗಿಟ್ಟು ಹತ್ತಿರ ಬಂದರು. ಕೈಯಿಂದ ನೀರು ಇಳಿಯುತ್ತಿತ್ತು. "ನೀವು ಕಣ್ಣಾರೆ ನೋಡ್ತಾ ಇದ್ದೀರಲ್ಲ ಮೇಡಂ, ನಾನೇ ಎಳೀತಾ ಇದ್ದೇನೆ. ಇದು ಸೊನ್ನೆಯಾ?"

ಚೌಕದಲ್ಲಿ 0 ಒತ್ತಿದೆ. ಕೆಳಗೆ ಷರಾ ಬರೆಯುವ ಜಾಗದಲ್ಲಿ ‘ಬೋಟು ರಜೆ, ಆಗಸ್ಟಿನಲ್ಲಿ 8 ಜನ ಬೇಕು’ ಅಂತ ಸೇರಿಸಿದೆ. ಸಂಜೆ ಮೇಲಿನವರಿಂದ ಫೋನ್ ಬಂತು. ಷರಾ ಯಾವ ಕೋಡಿಗೂ ಹೊಂದುತ್ತಿಲ್ಲ, ತೆಗೆಯಬಹುದಾ ಅಂತ ಕೇಳಿದರು. ಬೇಡ, ಇರಲಿ ಅಂದೆ. ಮುಂದಿನ ಸುತ್ತಿನ ಲೆಕ್ಕದ ದಿನ ಅಕ್ಟೋಬರ್ 1. ಆ ಪ್ಲಾಂಟನ್ನು ಮೊದಲ ವಾರಕ್ಕೇ ಹಾಕಿಕೊಂಡೆ.