ತಾಳಮದ್ದಳೆಯ ಕರೆಯೋಲೆ ಬ್ಲೂಸ್ಕೈಗೆ: ಅಕ್ಷರದ ಲೆಕ್ಕ ತಪ್ಪದಿರಲಿ

ಮಳೆಗಾಲ ಬಂತೆಂದರೆ ನಮ್ಮ ಕಾಸರಗೋಡಿನ ಬದಿಯಡ್ಕ, ನೀರ್ಚಾಲು, ಪೆರ್ಲ ಕಡೆಗಳಲ್ಲಿ ತಾಳಮದ್ದಳೆ, ಅಂದರೆ ವೇಷ-ಕುಣಿತವಿಲ್ಲದೆ ಹಾಡು-ಮಾತಿನಲ್ಲೇ ನಡೆಯುವ ಯಕ್ಷಗಾನದ ಕೂಟಗಳು ಶುರು. ಕರೆಯೋಲೆ ವಾಟ್ಸ್‌ಆ್ಯಪ್ ಗುಂಪಿಗೆ ಬೆಳಿಗ್ಗೆ ಬಂದರೆ, ಸಂಜೆಯೊಳಗೆ ಬೇರೆ ಸಂದೇಶಗಳಡಿ ಹೂತುಹೋಗುತ್ತದೆ. ಅದನ್ನು ಎಲ್ಲರೂ ಹುಡುಕಿ ಓದುವ ಜಾಗದಲ್ಲಿ ತಾನಾಗಿ ಹಾಕುವ ಪುಟ್ಟ ಪ್ರೋಗ್ರಾಂ ಬರೆಯುವುದು ಹೇಗೆಂದು ಇಲ್ಲಿ ಹೇಳುತ್ತೇನೆ. ನಾನು ಆಯ್ದದ್ದು ಕಿರು ಬರಹಗಳ ಜಾಲತಾಣ ಬ್ಲೂಸ್ಕೈ. ನಮ್ಮ ಪ್ರೋಗ್ರಾಂ ಅದರೊಡನೆ ವ್ಯವಹರಿಸುವ ದಾರಿಯಾದ ಎಪಿಐ ಬಳಸಲು ಶುಲ್ಕವಿಲ್ಲ, ಮೊದಲೇ ಅನುಮತಿ ಕೇಳಬೇಕಾಗಿಯೂ ಇಲ್ಲ.

ಕಂಪ್ಯೂಟರಿಗೆ, ಜಾವಾಸ್ಕ್ರಿಪ್ಟ್ ಭಾಷೆಯ ಪ್ರೋಗ್ರಾಂ ಓಡಿಸುವ ನೋಡ್ ಜೆಎಸ್ 22 ಅಥವಾ ಅದಕ್ಕಿಂತ ಹೊಸದನ್ನು ಹಾಕಿಕೊಳ್ಳಿ. ಖಾಲಿ ಫೋಲ್ಡರಿನಲ್ಲಿ, ಅದರ ಜೊತೆಗೇ ಬರುವ ಎನ್‌ಪಿಎಂ ಮೂಲಕ ‘ಆ್ಯಟ್‌ಪ್ರೋಟೋ’ ಬಳಗದ ‘ಎಪಿಐ’ ಎಂಬ ಲೈಬ್ರರಿಯನ್ನು (ಸಿದ್ಧ ಕೋಡಿನ ಕಟ್ಟು) ಇನ್‌ಸ್ಟಾಲ್ ಮಾಡಿ. ಬ್ಲೂಸ್ಕೈ ತಂಡವೇ ಹೊರತಂದಿರುವ ಲೈಬ್ರರಿ ಇದು.

ಇನ್ನು ಪಾಸ್‌ವರ್ಡ್. ನಿಮ್ಮ ಖಾತೆಯ ಮುಖ್ಯ ಪಾಸ್‌ವರ್ಡನ್ನು ಪ್ರೋಗ್ರಾಮಿಗೆ ಕೊಡಲೇಬೇಡಿ. ಸೆಟ್ಟಿಂಗ್ಸ್‌ನಲ್ಲಿ ‘ಆ್ಯಪ್ ಪಾಸ್‌ವರ್ಡ್’ ಎಂಬುದಿದೆ; ನಾಲ್ಕು ನಾಲ್ಕು ಅಕ್ಷರಗಳ ನಾಲ್ಕು ಗುಂಪಾಗಿ ಅದು ಸಿಗುತ್ತದೆ, ಬೇಡವೆಂದಾಗ ಅದೊಂದನ್ನೇ ರದ್ದು ಮಾಡಬಹುದು. ಅದನ್ನು ‘ಡಾಟ್ ಎನ್ವ್’ ಫೈಲಿನಲ್ಲಿಡಿ. ಕೋಡನ್ನು ಗಿಟ್‌ಗೆ ಏರಿಸುವವರು ಈ ಫೈಲನ್ನು ಹೊರಗಿಡುವುದನ್ನು ಮರೆಯಬಾರದು.

ಈಗ ಲಾಗಿನ್. ಲೈಬ್ರರಿಯ ‘ಎಟಿಪಿ ಏಜೆಂಟ್’ ಎಂಬ ವಸ್ತುವನ್ನು ಸೃಷ್ಟಿಸಿ, ಅದರ ಲಾಗಿನ್ ಫಂಕ್ಷನ್ನಿಗೆ ಹ್ಯಾಂಡಲ್ (ಖಾತೆಯ ಹೆಸರು) ಮತ್ತು ಆ್ಯಪ್ ಪಾಸ್‌ವರ್ಡ್ ಕೊಟ್ಟರೆ ಸಾಕು. ಪ್ರತಿ ಪೋಸ್ಟಿಗೂ ಹೊಸದಾಗಿ ಲಾಗಿನ್ ಮಾಡುವ ಕೋಡನ್ನು ಬಹಳ ಮಂದಿ ಬರೆಯುತ್ತಾರೆ, ಅದು ಬೇಡ. ಐದು ನಿಮಿಷಕ್ಕೆ 30, ದಿನಕ್ಕೆ 300 ಲಾಗಿನ್ ಅಷ್ಟೇ ಮಿತಿ. ಒಮ್ಮೆ ಒಳಹೊಕ್ಕು, ಇರುವ ಕರೆಯೋಲೆಗಳನ್ನೆಲ್ಲ ಒಂದೇ ಸಲ ಹಾಕಿ.

ಕನ್ನಡಿಗರು ನಿಜವಾಗಿ ಎಡವುವುದು ಮುಂದಿನ ಹೆಜ್ಜೆಯಲ್ಲಿ, ಅಕ್ಷರ ಎಣಿಸುವಾಗ. ‘ಕಾಸರಗೋಡು’ ಎಂಬ ಪದವನ್ನೇ ನೋಡಿ. ನಮ್ಮ ಕಣ್ಣಿಗೆ ಕಾ-ಸ-ರ-ಗೋ-ಡು, ಐದು ಅಕ್ಷರ. ಜಾವಾಸ್ಕ್ರಿಪ್ಟ್ ಸ್ವರಚಿಹ್ನೆಗಳನ್ನೂ ಬೇರೆಯಾಗಿ ಎಣಿಸಿ ಎಂಟು ಎನ್ನುತ್ತದೆ. ಕಂಪ್ಯೂಟರ್ ಅಕ್ಷರಗಳನ್ನು ಕೂಡಿಡುವ ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟ್ ಬೇಕಾದ್ದರಿಂದ ಅಲ್ಲಿ 24. ಬ್ಲೂಸ್ಕೈ ಪೋಸ್ಟಿನ 300ರ ಮಿತಿ ಮೊದಲನೆಯ ಬಗೆಯದು, ಅಂದರೆ ಗ್ರಾಫೀಮ್ ಲೆಕ್ಕ. ಜಾವಾಸ್ಕ್ರಿಪ್ಟಿನ ‘ಲೆಂಗ್ತ್’ ನಂಬಿ ಕತ್ತರಿಸಿದರೆ, ಸಲ್ಲಬೇಕಾದ ಜಾಗವನ್ನು ನಾವೇ ಬಿಟ್ಟುಕೊಟ್ಟಂತೆ.

ಆದರೆ ಕೊಂಡಿಯ ಜಾಗವನ್ನು ಗುರುತಿಸುವುದು ಬೈಟ್ ಲೆಕ್ಕದಲ್ಲಿ. ‘ಕಾಸರಗೋಡು ಕರೆಯೋಲೆ’ ಎಂದು ಬರೆದು, ಎರಡನೆಯ ಪದಕ್ಕೆ ಕೊಂಡಿ ಹಾಕಬೇಕೆನ್ನಿ. ಮೊದಲ ಸಲ ನಾನು, ಸೊನ್ನೆಯಿಂದ ಎಣಿಸುವ ಜಾವಾಸ್ಕ್ರಿಪ್ಟ್ ಹೇಳಿದಂತೆ 9ರಿಂದ 16 ಎಂದು ಕೊಟ್ಟೆ. ಬೈಟ್ ಲೆಕ್ಕದಲ್ಲಿ ಅದು ಕಾಸರಗೋಡಿನ ‘ರ’ದಿಂದ ಹೊರಟು ‘ಗೋ’ದ ಓತ್ವದ ನಡುವೆ ನಿಲ್ಲುತ್ತದೆ! ಸರಿಯಾದ ಉತ್ತರ 25ರಿಂದ 46. ಈ ತಲೆಬಿಸಿ ತಪ್ಪಿಸಲು ಲೈಬ್ರರಿಯಲ್ಲಿ ‘ರಿಚ್‌ಟೆಕ್ಸ್ಟ್’ ಇದೆ. ಪಠ್ಯವನ್ನು ಅದಕ್ಕೊಪ್ಪಿಸಿ ‘ಡಿಟೆಕ್ಟ್ ಫ್ಯಾಸೆಟ್ಸ್’ ಕರೆದರೆ ಜಾಲವಿಳಾಸ, ಹ್ಯಾಶ್‌ಟ್ಯಾಗ್ ಎಲ್ಲವನ್ನೂ ತಾನೇ ಗುರುತಿಸುತ್ತದೆ. ಕನ್ನಡದ ಹ್ಯಾಶ್‌ಟ್ಯಾಗ್ ಕೂಡ. ‘ಗ್ರಾಫೀಮ್ ಲೆಂಗ್ತ್’ ಕೇಳಿದರೆ 300ರೊಳಗಿದೆಯೇ ಎಂಬುದೂ ತಿಳಿಯುತ್ತದೆ.

ಪೋಸ್ಟ್ ಕಳುಹಿಸುವಾಗ ‘ಲ್ಯಾಂಗ್ಸ್’ ಎಂಬ ಅಂಕಣವನ್ನು ಖಾಲಿ ಬಿಡಬೇಡಿ. ಕನ್ನಡಕ್ಕೆ ‘ಕೆಎನ್’, ಮಲಯಾಳಕ್ಕೆ ‘ಎಂಎಲ್’. ಎರಡು ಭಾಷೆಯಲ್ಲೂ ಬರೆದಿದ್ದರೆ ಎರಡನ್ನೂ ಕೊಡಬಹುದು. ಭಾಷೆ ನೋಡಿ ಸೋಸುವ ಫೀಡುಗಳಿಗೆ ಇದೇ ಆಧಾರ. ಕಾಸರಗೋಡಿನಲ್ಲಿ ಕೂತು ಬರೆದದ್ದು ಕನ್ನಡ ಎಂದು ನಾವೇ ಹೇಳದಿದ್ದರೆ ಯಂತ್ರಕ್ಕೆ ಯಾರು ಹೇಳಬೇಕು?

ಕರೆಯೋಲೆ ಹೆಚ್ಚಾಗಿ ಚಿತ್ರವಾಗಿಯೇ ಬರುತ್ತದಲ್ಲ. ಅದನ್ನು ಮೊದಲು ‘ಅಪ್‌ಲೋಡ್ ಬ್ಲಾಬ್’ ಮೂಲಕ ಏರಿಸಿ, ಮರಳಿ ಬಂದ ಗುರುತನ್ನು ಪೋಸ್ಟಿಗೆ ಜೋಡಿಸಬೇಕು. ಒಂದು ಪೋಸ್ಟಿಗೆ ನಾಲ್ಕು ಚಿತ್ರ ಹಿಡಿಸುತ್ತವೆ. ಪ್ರತಿ ಚಿತ್ರದ ಜೊತೆ ‘ಆಲ್ಟ್’ ಎಂಬ ವಿವರಣೆಯ ಜಾಗವಿರುತ್ತದೆ. ಪ್ರಸಂಗ ಯಾವುದು, ಹಾಡುವ ಭಾಗವತರು ಯಾರು, ಮಾತು ನಡೆಸುವ ಅರ್ಥಧಾರಿಗಳು ಯಾರು, ಎಲ್ಲಿ, ಎಷ್ಟು ಗಂಟೆಗೆ ಎಂಬುದನ್ನೆಲ್ಲ ಅಲ್ಲಿ ಅಕ್ಷರದಲ್ಲಿ ಬರೆಯಿರಿ. ಕಣ್ಣು ಕಾಣದವರ ಫೋನು ಅದನ್ನೇ ಓದಿ ಹೇಳುವುದು. ತಾಳಮದ್ದಳೆಯೋ, ಕಿವಿಯಿಂದಲೇ ಸವಿಯುವ ಕಲೆ.