ಒಂದು ಎಟಿಪಿಗೆ 4 ಪ್ರೋಟಾನ್ ಯಾಕೆ? ಒಳಪೊರೆ ಬರ್ದು ನೋಡಿ

ಜೀವಕೋಶಕ್ಕೆ ಶಕ್ತಿ ಕೊಡೋ ಎಟಿಪಿ ತಯಾರಾಗೋದು ಮೈಟೋಕಾಂಡ್ರಿಯಾದಲ್ಲಿ. ಅದ್ರ ಒಳಪೊರೆಯ ಟ್ರಾನ್ಸ್‌ಪೋರ್ಟ್ ಪ್ರೋಟೀನ್‌ಗಳ ಹೆಸರು ಬಾಯಿಪಾಠ ಮಾಡೋಕೆ ಹೋಗ್ಬೇಡಿ, ಮನುಷ್ಯರಲ್ಲಿ ಎಸ್‌ಎಲ್‌ಸಿ25 ಅನ್ನೋ ಒಂದೇ ಕುಟುಂಬದಲ್ಲಿ 53 ಇವೆ, ಎರಡು ದಿನಕ್ಕೆ ಮರ್ತೋಗುತ್ತೆ. ಹಾಳೆ ಪೆನ್ಸಿಲ್ ತಗೊಳ್ಳಿ, ಚಾರ್ಜ್ ಲೆಕ್ಕ ಹಾಕ್ಕೊಂಡೇ ಬರಿಯೋಣ.

ಮೊದ್ಲು ಎರಡು ಗೆರೆ. ಹೊರಪೊರೆಗೆ ದೊಡ್ಡ ತೂತು ಬಿಡಿ, ಅಲ್ಲಿ ಪೋರಿನ್ ಇರೋದ್ರಿಂದ ಸಣ್ಣ ಮಾಲಿಕ್ಯೂಲ್‌ಗಳೆಲ್ಲ ಸಲೀಸಾಗಿ ಓಡಾಡ್ತವೆ. ಒಳಪೊರೆ ಗೆರೆ ಮಾತ್ರ ಎಲ್ಲೂ ತುಂಡಾಗ್ಬಾರ್ದು. ಪ್ಲಸ್ ಚಾರ್ಜಿನ ಪ್ರೋಟಾನ್ ಹೊರಗೆ ಪಂಪ್ ಆಗೋದ್ರಿಂದ ಅದ್ರ ಹೊರಗಡೆ ಪ್ಲಸ್, ಮ್ಯಾಟ್ರಿಕ್ಸ್ (ಒಳಪೊರೆಯ ಒಳಗಿನ ಜಾಗ) ಕಡೆ ಮೈನಸ್ ಹಾಕಿ, ಇದನ್ನ ಬಿಟ್ರೆ ಮುಂದಿನ ಲೆಕ್ಕ ಯಾವ್ದೂ ಕೂಡಿ ಬರಲ್ಲ.

ಈಗ ಎಡಿಪಿ-ಎಟಿಪಿ ಕ್ಯಾರಿಯರ್. ಎಡಿಪಿಗೆ ಒಂದು ಫಾಸ್ಫೇಟ್ ಸೇರಿದ್ರೆ ಎಟಿಪಿ. ಒಂದು ಎಡಿಪಿ ಒಳಗೆ, ಒಂದು ಎಟಿಪಿ ಹೊರಗೆ. ಎಡಿಪಿಗೆ ಮೈನಸ್ 3, ಎಟಿಪಿಗೆ ಮೈನಸ್ 4 ಬರ್ದು ಕಳೀರಿ, ಪ್ರತಿ ಸಲ ಒಂದು ಮೈನಸ್ ಜಾಸ್ತಿ ಹೊರಗೆ ಹೋಯ್ತಲ್ವಾ, ಹೊರಗಿನ ಪ್ಲಸ್ಸೇ ಅದನ್ನ ಎಳ್ಕೊಳ್ಳೋದು, ಅದಕ್ಕೇ ಎಟಿಪಿ ಹೊರಗೆ ಎಡಿಪಿ ಒಳಗೆ ಅನ್ನೋ ದಿಕ್ಕು ತಪ್ಪಲ್ಲ.

ಈ ಕ್ಯಾರಿಯರ್‌ನ ತೂತು ಥರ ಬರೀಬೇಡಿ. ಎರಡು ಬಾಗಿಲು, ಒಂದು ತೆಗೆದಾಗ ಇನ್ನೊಂದು ಹಾಕಿರುತ್ತೆ. ಮೆಡಿಟರೇನಿಯನ್ ಕಡೆಯ ಒಂದು ಮುಳ್ಳುಗಿಡದ ವಿಷ ಅಟ್ರಾಕ್ಟಿಲೋಸೈಡ್, ಅದು ಹೊರಬಾಗಿಲು ತೆಗೆದಿದ್ದಾಗಲೇ ಜಾಮ್ ಮಾಡುತ್ತೆ. ಇಂಡೋನೇಷ್ಯಾದಲ್ಲಿ ಕೆಟ್ಟ ತೆಂಗಿನ ಟೆಂಪೆ (ಹುದುಗಿಸಿದ ತಿನಿಸು) ತಿಂದು ಜನ ಸತ್ತಿದ್ದು ಬಾಂಗ್‌ಕ್ರೆಕಿಕ್ ಆಸಿಡ್‌ನಿಂದ, ಅದು ಒಳಬಾಗಿಲು ತೆಗೆದಿದ್ದಾಗ ಜಾಮ್ ಮಾಡುತ್ತೆ. 2003ರಲ್ಲಿ ಮೊದಲ ಥರದ ವಿಷ, 2019ರಲ್ಲಿ ಎರಡನೇದು ಹಿಡ್ಕೊಂಡಿದ್ದ ಸ್ಥಿತಿಯಲ್ಲೇ ಈ ಪ್ರೋಟೀನ್ ಆಕಾರ ಸಿಕ್ಕಿದ್ದು, ನಂಗೆ ಇಡೀ ಪಾಠದಲ್ಲಿ ತುಂಬಾ ಇಷ್ಟವಾದ ಭಾಗ ಇದು.

ಪಕ್ಕದಲ್ಲಿ ಫಾಸ್ಫೇಟ್ ಕ್ಯಾರಿಯರ್ ಬರೀರಿ. ಫಾಸ್ಫೇಟ್ ಜೊತೆ ಒಂದು ಪ್ರೋಟಾನ್ ಒಳಗೆ ಬರುತ್ತೆ, ಒಟ್ಟು ಚಾರ್ಜ್ ಬದಲಾಗಲ್ಲ, ಖರ್ಚಾಗೋದು ಪಿಹೆಚ್ ವ್ಯತ್ಯಾಸ. ಆ ಕಡೆ ಚಾರ್ಜ್ ಖರ್ಚು, ಈ ಕಡೆ ಪಿಹೆಚ್ ಖರ್ಚು, ಎರಡೂ ಸೇರಿದ್ರೆ ಸರಿಯಾಗಿ ಒಂದು ಪ್ರೋಟಾನ್ ಒಳಗೆ ಇಳಿದಷ್ಟು! ಎಟಿಪಿ ತಯಾರಿಸೋ ಕಿಣ್ವ ಎಟಿಪಿ ಸಿಂಥೇಸ್‌ಗೆ ಸುಮಾರು 3, ಸಾಗಾಟಕ್ಕೆ 1, ಒಟ್ಟು 4. ಎನ್‌ಎಡಿಹೆಚ್ (ಆಹಾರದ ಎಲೆಕ್ಟ್ರಾನ್ ಹೊತ್ತು ತರೋ ಮಾಲಿಕ್ಯೂಲ್) 10 ಪ್ರೋಟಾನ್ ಪಂಪ್ ಮಾಡ್ಸುತ್ತೆ, 4ರಿಂದ ಭಾಗಿಸಿ, ಪುಸ್ತಕದಲ್ಲಿರೋ 2.5 ಎಟಿಪಿ ಬಂತು. ಅದೇ ಥರದ ಇನ್ನೊಂದು ಮಾಲಿಕ್ಯೂಲ್ ಎಫ್‌ಎಡಿಹೆಚ್2ದು 6, ಅಂದ್ರೆ 1.5.

ಸಕ್ಕರೆ ಒಡೆದಾಗ ಸಿಗೋ ಪೈರುವೇಟ್‌ನ ಒಳಗೆ ತರೋ ಪೈರುವೇಟ್ ಕ್ಯಾರಿಯರ್‌ಗೆ ಬೇರೆ ಬಣ್ಣ ಹಾಕಿ, ಅದು ಎಸ್‌ಎಲ್‌ಸಿ25 ಕುಟುಂಬದ್ದಲ್ಲ, ಅದ್ರ ಜೀನ್ ಸಿಕ್ಕಿದ್ದೇ 2012ರಲ್ಲಿ. ಆಮೇಲೆ ಹಾಳೆ ಮಗುಚಿಟ್ಟು ಹೆಸರಿಲ್ದೆ ಬರೀ ಚಾರ್ಜ್‌ಗಳನ್ನ ಇನ್ನೊಂದ್ಸಲ ಬರೀರಿ, 2.5 ಬಂದ್ರೆ ಸರಿ ಇದೆ.