ನಿಂತು ಕೆಟ್ಟ ಗಾಡಿ

ನಮ್ಮದು ಗದಗಿನಲ್ಲಿ ಸಣ್ಣ ಪ್ರಿಂಟಿಂಗ್ ಪ್ರೆಸ್. ಮದುವೆ ಕಾರ್ಡು, ಬಿಲ್ ಬುಕ್ಕು, ಜಾತ್ರೆಯ ಹ್ಯಾಂಡ್‌ಬಿಲ್ಲು, ಇಷ್ಟೇ. ಸುತ್ತಲಿನ ಊರುಗಳಿಗೆ ಕಾರ್ಡಿನ ಕಟ್ಟುಗಳನ್ನು ಸ್ಕೂಟರ್ ಮೇಲೆ ಒಯ್ಯುತ್ತಿದ್ದೆ. ಒಂದು ಸಲ ಮುಳಗುಂದದ ದಾರಿಯಲ್ಲಿ ಮಳೆಗೆ ಸಿಕ್ಕಿ 400 ಕಾರ್ಡು ತೊಯ್ದು ಹೋದವು. ನನ್ನ ಖರ್ಚಿನಲ್ಲೇ ಮತ್ತೆ ಅಚ್ಚು ಹಾಕಿಕೊಟ್ಟೆ. ಆವತ್ತೇ ತೀರ್ಮಾನ ಮಾಡಿದೆ, ತಲೆ ಮೇಲೆ ತಗಡು ಇರುವ ಗಾಡಿ ಬೇಕು ಅಂತ. ಕೈಯಲ್ಲಿದ್ದದ್ದು ಮಾತ್ರ 50 ಸಾವಿರ.

ಧಾರವಾಡದ ಸಪ್ತಾಪುರದಲ್ಲಿ ನಿವೃತ್ತ ಮಾಸ್ತರರೊಬ್ಬರ ಮನೆ ಮುಂದೆ ಒಂದು ಮಾರುತಿ 800 ಇದೆ ಎಂದು ಗೆಳೆಯ ಹೇಳಿದ. 2008ರ ಮಾಡೆಲ್, ಎಸಿ ಇರುವುದು. 2023ರ ನವೆಂಬರಿನಲ್ಲಿ ಹೋಗಿ ನೋಡಿದೆ. ಬೇವಿನ ಮರದ ಕೆಳಗೆ ನಿಂತಿತ್ತು. ಬಣ್ಣ ಬಿಳಿ ಎಂದು ಆರ್‌ಸಿ ಓದಿದ ಮೇಲೆ ಗೊತ್ತಾಯಿತು.

“ಬರೇ ಮೂವತ್ತೆಂಟು ಸಾವಿರ ಕಿಲೋಮೀಟರ್ ಓಡೇತಿ ನೋಡ್ರಿ” ಅಂದರು ಮಾಸ್ತರರು. “ಲಾಕ್‌ಡೌನ್ ಮುಂಚೆ ನಿಲ್ಲಿಸಿದ್ದು. ಕಣ್ಣಿನ ಆಪರೇಷನ್ ಆದ ಮ್ಯಾಲೆ ನಾ ಮುಟ್ಟಿಲ್ಲ.”

ಆ 38 ಸಾವಿರದ ಲೆಕ್ಕ ನನ್ನ ತಲೆ ತಿರುಗಿಸಿತು. ಇಷ್ಟು ಕಡಿಮೆ ಓಡಿದ ಗಾಡಿ ಎಲ್ಲಿ ಸಿಗುತ್ತದೆ? ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು ಹೋಗಿದ್ದೆ. ಬಾಡಿಯ ಮೇಲೆ ಅಲ್ಲಲ್ಲಿ ಹಿಡಿದು ನೋಡಿದೆ. ಗುದ್ದಿಸಿಕೊಂಡು ಪುಟ್ಟಿ ಮೆತ್ತಿದ ಕಡೆ ಅದು ಅಂಟುವುದಿಲ್ಲ. ಇಲ್ಲಿ ಎಲ್ಲ ಕಡೆ ಅಂಟಿತು. ದೊಡ್ಡ ಪರೀಕ್ಷಕನ ಹಾಗೆ ತಲೆಯಾಡಿಸಿದೆ. ಕಾಲ ಕೆಳಗಿನ ಮ್ಯಾಟ್ ಎತ್ತಿ ನೋಡಲಿಲ್ಲ. 45 ಸಾವಿರ ಅಂದವರು 30 ಸಾವಿರಕ್ಕೆ ಒಪ್ಪಿದರು. ಅಷ್ಟು ಬೇಗ ಯಾಕೆ ಒಪ್ಪಿದರು ಎಂದು ಯೋಚಿಸುವ ವ್ಯವಧಾನವೂ ನನಗಿರಲಿಲ್ಲ.

ಹುಬ್ಬಳ್ಳಿಯ ಕಾರವಾರ ರಸ್ತೆ ಕಡೆಗೆ ನನಗೆ ಪರಿಚಯದ ಮಿಸ್ತ್ರಿ ಒಬ್ಬರಿದ್ದಾರೆ. ಗಾಡಿಯನ್ನು ಅಲ್ಲಿಗೆ ಟೋಯಿಂಗ್ ಗಾಡಿಯ ಮೇಲೆ ಹೇರಿಸಿಕೊಂಡು ಹೋದೆ. 20 ಕಿಲೋಮೀಟರಿಗೆ 2,500 ರೂಪಾಯಿ. ಹಗ್ಗ ಕಟ್ಟಿ ಎಳೆಯೋಣ ಎಂದಿದ್ದೆ, ಆದರೆ ಹಿಂದಿನ ಎರಡೂ ಗಾಲಿ ತಿರುಗಲೇ ಇಲ್ಲ. ಮಾಸ್ತರರು ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ್ದರು. ಮೂರೂವರೆ ವರ್ಷದಲ್ಲಿ ಬ್ರೇಕ್ ಶೂ ಡ್ರಮ್ಮಿಗೆ ಜಂಗು ಹಿಡಿದು ಅಂಟಿಕೊಂಡಿತ್ತು. ಬಹಳ ದಿನ ನಿಲ್ಲಿಸುವ ಗಾಡಿಯನ್ನು ಗೇರಿನಲ್ಲಿಟ್ಟು ಗಾಲಿಗೆ ಕಲ್ಲು ಕೊಡಬೇಕಂತೆ.

ಮಿಸ್ತ್ರಿ ಬಾನೆಟ್ ಎತ್ತಿದರು. ಏರ್ ಫಿಲ್ಟರ್ ಡಬ್ಬಿಯೊಳಗೆ ಇಲಿಯ ಸಂಸಾರ. ಸೀಟಿನ ಸ್ಪಂಜು, ಬೇವಿನ ಕಡ್ಡಿ, ಮಕ್ಕಳ ನೋಟ್‌ಬುಕ್ಕಿನ ಚೂರು ಸೇರಿಸಿ ಗೂಡು ಮಾಡಿತ್ತು. ವೈರುಗಳನ್ನು ನಾಲ್ಕು ಕಡೆ ಕಡಿದಿತ್ತು. ಮಿಸ್ತ್ರಿ ಒಂದೊಂದನ್ನೇ ಮುಟ್ಟಿ ನೋಡಿ ಅಂದರು, “ಇದು ಓಡಿ ಕೆಟ್ಟಿಲ್ರೀ, ನಿಂತು ಕೆಟ್ಟೈತಿ.”

ನನಗೆ ಕೂಡಲೇ ಅರ್ಥವಾಯಿತು. ಪ್ರೆಸ್ಸಿನಲ್ಲೂ ಹಾಗೇ ಅಲ್ವಾ? ದಿನಾ ಓಡುವ ಮಷೀನಿನ ರಬ್ಬರ್ ರೋಲರ್ ವರ್ಷಗಟ್ಟಲೆ ಬಾಳುತ್ತದೆ. ನಾಲ್ಕು ತಿಂಗಳು ಬೀಗ ಹಾಕಿಟ್ಟರೆ ರೋಲರ್ ಮೇಲೆ ಮಸಿ ಒಣಗಿ, ರಬ್ಬರ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಗೊತ್ತಿದ್ದೂ ಕಾರಿನ ಮುಂದೆ ನಿಂತಾಗ ಅದು ನೆನಪಿಗೆ ಬರಲಿಲ್ಲ.

ನಾನಾಗಿದ್ದರೆ ಮೊದಲ ದಿನವೇ ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯುತ್ತಿದ್ದೆ. ಮಿಸ್ತ್ರಿ ಹಾಗೆ ಮಾಡಲಿಲ್ಲ. ಇದು 796 ಸಿಸಿ, ಮೂರೇ ಸಿಲಿಂಡರಿನ ಎಂಜಿನ್ನು. ಮೂರೂ ಪ್ಲಗ್ ಬಿಚ್ಚಿ, ಒಂದೊಂದು ತೂತಿನೊಳಗೆ ಒಂದು ಚಮಚೆಯಷ್ಟು ಎಂಜಿನ್ ಆಯಿಲ್ ಬಿಟ್ಟು ರಾತ್ರಿಯಿಡೀ ಹಾಗೇ ಬಿಟ್ಟರು. ಒಣಗಿದ ಸಿಲಿಂಡರಿನಲ್ಲಿ ಪಿಸ್ಟನ್ ರಿಂಗು ಹಿಡಿದುಕೊಂಡಿದ್ದರೆ, ಒಮ್ಮೆಲೇ ಸೆಲ್ಫ್ ಹೊಡೆದಾಗ ಗೀರು ಬೀಳುತ್ತದೆ. ಮರುದಿನ ಕ್ರ್ಯಾಂಕಿನ ಪುಲ್ಲಿಗೆ ಪಾನಾ ಹಾಕಿ ಕೈಯಿಂದಲೇ ಮೆಲ್ಲಗೆ ತಿರುಗಿಸಿದರು. ತಿರುಗಿತು. ಆಗ ಒಂದು ಚಹಾ ಕುಡಿದೆವು.

ಟ್ಯಾಂಕಿನಲ್ಲಿದ್ದ ಪೆಟ್ರೋಲು ಪೆಟ್ರೋಲಿನ ವಾಸನೆಯನ್ನೇ ಬಿಟ್ಟಿತ್ತು, ಹಳೆಯ ವಾರ್ನಿಷ್ ನಾತ. ಪೆಟ್ರೋಲು ವರ್ಷಗಟ್ಟಲೆ ನಿಂತರೆ ಅಂಟಾಗುತ್ತದೆ. ಅದರಲ್ಲಿ ಬೆರೆಸುವ ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಧಾರವಾಡದ ಜಿಟಿಜಿಟಿ ಮಳೆಗಾಲದಲ್ಲಿ ತೇವಕ್ಕೇನು ಬರ? ಟ್ಯಾಂಕ್ ಇಳಿಸಿ ತೊಳೆದು, ಪಂಪು ಮತ್ತು ಫಿಲ್ಟರ್ ಹೊಸದು ಹಾಕಿ, ಇಂಜೆಕ್ಟರ್ ಸ್ವಚ್ಛ ಮಾಡಿಸಲು 4,800 ಆಯಿತು. ಎಂಜಿನ್ ಆಯಿಲ್, ಪ್ಲಗ್ಗು, ಬೆಲ್ಟುಗಳಿಗೆ ಇನ್ನೊಂದು 3,900. ಟೈಮಿಂಗ್ ಬೆಲ್ಟನ್ನು ಕಿಲೋಮೀಟರ್ ನೋಡಿ ಬಿಡಬಾರದು, ಅದು ವಯಸ್ಸಿನಿಂದಲೇ ಬಿರಿಯುತ್ತದೆ.

ಬ್ರೇಕಿಗೆ 6,500 ಕೊಟ್ಟೆ. ಅದರಲ್ಲಿ ಒಂದು ರೂಪಾಯಿಯೂ ದಂಡ ಅನ್ನಿಸಲಿಲ್ಲ. ಬ್ರೇಕ್ ಆಯಿಲ್ ಚಹಾದ ಬಣ್ಣಕ್ಕೆ ತಿರುಗಿತ್ತು, ಅದೂ ತೇವ ಹೀರುವ ಜಾತಿಯದ್ದೇ. ಬ್ರೇಕ್ ಶೂ ತಳ್ಳುವ ಹಿಂದಿನ ಎರಡೂ ವೀಲ್ ಸಿಲಿಂಡರ್ ಜಾಮ್ ಆಗಿದ್ದವು. ಟೈರುಗಳ ಗುಂಡಿ ಹೊಸದರ ಹಾಗೇ ಆಳವಾಗಿದ್ದವು, ಅದನ್ನೇ ನೋಡಿ ನಾನು ಖುಷಿಪಟ್ಟಿದ್ದೆ. ಮಿಸ್ತ್ರಿ ಟೈರಿನ ಪಕ್ಕದಲ್ಲಿದ್ದ ನಾಲ್ಕು ಅಂಕಿ ತೋರಿಸಿದರು: 3114. ಅಂದರೆ 2014ರ 31ನೇ ವಾರದಲ್ಲಿ ತಯಾರಾದದ್ದು. ಪಕ್ಕದ ರಬ್ಬರು ಬೇಸಿಗೆಯ ಎರೆ ಹೊಲದ ಹಾಗೆ ಬಿರಿದಿತ್ತು. ನಾಲ್ಕೂ ಹೊಸದು, 9,600.

ಈಗ ಮ್ಯಾಟಿನ ವಿಷಯ. ಮುಂದಿನ ಗಾಜಿನ ಬುಡದಲ್ಲಿ, ವೈಪರಿನ ಕೆಳಗೆ, ಮಳೆನೀರು ಹರಿದು ಹೋಗಲು ದಾರಿ ಇರುತ್ತದೆ. ಬೇವಿನ ಎಲೆ ಬಿದ್ದು ಕೊಳೆತು ಆ ದಾರಿ ಮುಚ್ಚಿಹೋಗಿತ್ತು. ನೀರು ಒಳಗೆ ಇಳಿದು ಮ್ಯಾಟಿನ ಕೆಳಗೆ ನಿಂತಿದೆ, ನಾಲ್ಕು ಮಳೆಗಾಲ. ಮ್ಯಾಟ್ ಎತ್ತಿದಾಗ ಡ್ರೈವರ್ ಸೀಟಿನ ಮುಂದೆ ಅಂಗೈ ಅಗಲದ ತೂತು, ಗ್ಯಾರೇಜಿನ ನೆಲ ಕಾಣುತ್ತಿತ್ತು. ಟಿಂಕರ್ ಜಂಗು ಹಿಡಿದದ್ದನ್ನೆಲ್ಲ ಕತ್ತರಿಸಿ, ಹೊಸ ತಗಡು ಬೆಸೆದು, ಕೆಳಗೆ ಕರಿ ಕೋಟಿಂಗ್ ಹೊಡೆದರು. 6,000. ಮೇಲೆ ಒಂದು ತಗಡಿನ ಚೂರು ಅಂಟಿಸಿ ಪುಟ್ಟಿ ಹಚ್ಚಿದರೆ 1,500ರಲ್ಲಿ ಆಗುತ್ತದೆ ಎಂದು ಇನ್ನೊಬ್ಬರು ಹೇಳಿದ್ದರು. ಪುಟ್ಟಿಯ ಮೇಲೆ ಕಾಲಿಟ್ಟು ಬ್ರೇಕ್ ಒತ್ತುವ ಧೈರ್ಯ ನನಗಿಲ್ಲ. ಪೇಂಟ್ ಮಾತ್ರ ಮಾಡಿಸಲಿಲ್ಲ. ಪಾಲಿಶ್ ಉಜ್ಜಿದೆ, ಸಾಕು.

ಒಂದು ಸಮಾಧಾನ ಏನೆಂದರೆ, ಮಾರುತಿ 800 ತಯಾರಿಕೆ 2014ರ ಜನವರಿಯಲ್ಲೇ ನಿಂತಿದ್ದರೂ ಕೇಳಿದ ಸಾಮಾನು ಹುಬ್ಬಳ್ಳಿಯಲ್ಲಿ ಸಂಜೆಯೊಳಗೆ ಸಿಗುತ್ತಿತ್ತು.

ಸಾಮಾನಿಗಿಂತ ಕಾಗದವೇ ಹೆಚ್ಚು ಸತಾಯಿಸಿತು. 2008ರ ಜೂನಿನ ಗಾಡಿ, ಹಾಗಾಗಿ 15 ವರ್ಷದ ಆರ್‌ಸಿ 2023ರ ಜೂನಿಗೆ ಮುಗಿದಿತ್ತು. ಮುಂದಿನ 5 ವರ್ಷಕ್ಕೆ ನವೀಕರಿಸಲು ಆಗ ಕಾರಿಗೆ 5,000 ರೂಪಾಯಿ ಶುಲ್ಕವಿತ್ತು. ತಡವಾದ ಪ್ರತಿ ತಿಂಗಳಿಗೆ 500. ನಮ್ಮದು 8 ತಿಂಗಳು, ಅಂದರೆ 4,000. ಮೇಲೆ ಹಸಿರು ತೆರಿಗೆ, ವಿಮೆ, ಎಮಿಷನ್ ಟೆಸ್ಟು, ಹೊಸ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟು. ಇಷ್ಟನ್ನಾದರೂ ಲೆಕ್ಕ ಹಾಕಬಹುದಿತ್ತು. ಗೊತ್ತಿಲ್ಲದ್ದು ಬೇರೆಯೇ. ಮಾಸ್ತರರು ಕಾರಿನ ಸಾಲವನ್ನು 2012ರಲ್ಲೇ ತೀರಿಸಿದ್ದರು, ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿತ್ತು. ಸಾಲ ತೀರಿದೆ ಎಂದು ಬ್ಯಾಂಕು ಬರೆದುಕೊಡುವ ಫಾರಂ 35 ಮತ್ತು ಎನ್‌ಒಸಿ ಬರಲು ಮೂರು ವಾರ ಹಿಡಿಯಿತು. ಪಾಪ, ಮಾಸ್ತರರೇ ನನ್ನ ಜೊತೆ ನಾಲ್ಕು ಸಲ ಬ್ಯಾಂಕಿನ ಮೆಟ್ಟಿಲು ಹತ್ತಿದರು. ಹಳೆಯ ಗಾಡಿ ಕೊಳ್ಳುವವರು ಮುಂಗಡ ಕೊಡುವ ಮುಂಚೆ ಆರ್‌ಸಿಯಲ್ಲಿ ಆ ಒಂದು ಸಾಲನ್ನು ಓದಿಕೊಳ್ಳಿ. ಆಮೇಲೆ ಫಾರಂ 29, 30ಕ್ಕೆ ಸಹಿ ಹಾಕಿಸಿ ಗಾಡಿ ನನ್ನ ಹೆಸರಿಗೆ ಬಂತು.

2024ರ ಫೆಬ್ರವರಿಯಲ್ಲಿ ಹುಬ್ಬಳ್ಳಿಯಿಂದ ಗದಗಿಗೆ ಹೊರಟೆ. ನಲವಡಿ ದಾಟಿದ ಮೇಲೆ ಟೆಂಪರೇಚರ್ ಮುಳ್ಳು ಏರತೊಡಗಿತು. ಅಣ್ಣಿಗೇರಿ ಹತ್ತಿರ ಬರುವಷ್ಟರಲ್ಲಿ ಕೆಂಪು ಗೆರೆ ಮುಟ್ಟುವ ಹಾಗಿತ್ತು. ಹೀಟರ್ ಪೂರ್ತಿ ಹಾಕಿ, ಎಲ್ಲ ಕಿಟಕಿ ಇಳಿಸಿ, ಮೆಲ್ಲಗೆ ಪಕ್ಕಕ್ಕೆ ತಂದೆ. ಎಂಜಿನ್ನಿನ ಕಾವು ಸ್ವಲ್ಪ ಹೀಟರಿನಿಂದಲೂ ಹೊರಗೆ ಹೋಗುತ್ತದೆ. ಒಳಗೆ ಕೂತವನ ಗತಿ ಬೇರೆ ಮಾತು. ಹೊಲದಲ್ಲಿ ಕಡಲೆ ಕೀಳುತ್ತಿದ್ದ ಹಿರಿಯರೊಬ್ಬರು ಕೊಡದಲ್ಲಿ ನೀರು ತಂದೇ ಬಿಟ್ಟರು.

“ಸುರವ್ರೀ ಮ್ಯಾಲೆ, ತಣ್ಣಗಾಗತೈತಿ.”

“ಬ್ಯಾಡ ಯಜಮಾನ್ರ, ಎಂಜಿನ್ನಿನ ಹೆಡ್ ಸೀಳತೈತಿ. ನನಗ ಕುಡ್ಯಾಕ ಕೊಡ್ರಿ” ಅಂದೆ.

ಮುಕ್ಕಾಲು ತಾಸು ಕಾದೆ. ರೇಡಿಯೇಟರಿನ ಮುಚ್ಚಳ ಮುಟ್ಟಲಿಲ್ಲ, ಬಿಸಿ ಇದ್ದಾಗ ತೆಗೆದರೆ ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ. ಆರಿದ ಮೇಲೆ ನೀರು ತುಂಬಿ, ನಡುವೆ ಎರಡು ಸಲ ನಿಲ್ಲಿಸಿ, ಗದಗು ಮುಟ್ಟಿದೆ. ನಿಂತಾಗ ಫ್ಯಾನ್ ಸರಿಯಾಗಿ ತಿರುಗುತ್ತಿತ್ತು, ಓಡುವಾಗಲೇ ಕಾಯುತ್ತಿತ್ತು. ಹಾಗಾದರೆ ರೇಡಿಯೇಟರೇ ಕಟ್ಟಿಕೊಂಡಿದೆ. ಬಿಚ್ಚಿಸಿ ನೋಡಿದರೆ ಕೊಳವೆಗಳೊಳಗೆ ಬಿಳಿ ಪದರ ಗಟ್ಟಿಯಾಗಿತ್ತು. ಕೂಲಂಟ್ ಬದಲು ಬೋರಿನ ಸವಳು ನೀರನ್ನೇ ವರ್ಷಗಟ್ಟಲೆ ತುಂಬಿದ್ದರು. ಹೊಸ ರೇಡಿಯೇಟರ್, ಥರ್ಮೋಸ್ಟಾಟ್, ಕೂಲಂಟ್ ಸೇರಿ 3,100.

ಬ್ಯಾಟರಿ, ವೈರಿಂಗ್ ಎಲ್ಲ ಹಿಡಿದು ನನ್ನ 30 ಸಾವಿರದ ಗಾಡಿಗೆ, ಕೊಂಡ ಬೆಲೆಯೂ ಸೇರಿ, 85 ಸಾವಿರದ ಹತ್ತಿರ ಹೋಯಿತು. ಕೈಯಲ್ಲಿದ್ದ 50 ಮುಗಿದ ಮೇಲೆ ಉಳಿದದ್ದು ಹೆಂಡತಿಯ ಸಂಘದ ಸಾಲ. ಅಷ್ಟೇ ಹಣಕ್ಕೆ ಲಕ್ಷ ಕಿಲೋಮೀಟರ್ ಓಡಿದ, ದಿನಾ ರಸ್ತೆಯಲ್ಲಿದ್ದ ಗಾಡಿ ಸಿಗುತ್ತಿತ್ತು. ಈಗ ಯಾರಾದರೂ ಕೇಳಿದರೆ ಅಂಥದ್ದನ್ನೇ ನೋಡಿ ಅನ್ನುತ್ತೇನೆ. ಆದರೂ ಹಿಂದಿನ ಸೀಟು ಮಡಚಿ ಕಾರ್ಡಿನ ಕಟ್ಟು ಜೋಡಿಸುವಾಗ ನನಗೆ ಈ ಗಾಡಿಯ ಮೇಲೆ ಸಿಟ್ಟು ಬರುವುದಿಲ್ಲ.

ಎಸಿ ಇನ್ನೂ ನಡೆಯುವುದಿಲ್ಲ. ಕಂಪ್ರೆಸರ್ ಹಿಡಿದುಕೊಂಡಿದೆ, ಅದೂ ನಿಂತೇ ಕೆಟ್ಟದ್ದು. 14 ಸಾವಿರ ಆಗುತ್ತದೆ ಅಂದರು. ಅದರ ಬೆಲ್ಟ್ ಬಿಚ್ಚಿ ಡಿಕ್ಕಿಯಲ್ಲಿಟ್ಟು, ಕಿಟಕಿ ಇಳಿಸಿಕೊಂಡು ಓಡಾಡುತ್ತಿದ್ದೇನೆ.